ಹೆದರಿದವನು ಕಲಿಸಿದ ಪಾಠ

ಮಾರ್ಚ್ ತಿಂಗಳು ಬಂತೆಂದರೆ ನನಗೆ ಇಂದಿಗೂ ಪರೀಕ್ಷಾ ಕೊಠಡಿಯ ನೆನಪಾಗುತ್ತದೆ. ಡೆಸ್ಕಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ನೋಂದಣಿ ಸಂಖ್ಯೆಗಳು, ಗಂಟೆ ಬಾರಿಸುವ ಮುನ್ನಿನ ಆ ಮೌನ, ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ ಬೆವರಿ ಒದ್ದೆಯಾದ ಎಳೆಯ ಅಂಗೈಗಳು. ನಿವೃತ್ತನಾಗಿ ವರ್ಷಗಳೇ ಕಳೆದರೂ ಆ ದೃಶ್ಯ ಕಣ್ಣಿನಿಂದ ಮರೆಯಾಗಿಲ್ಲ. ಇಂದು ನಾನು ಬರೆಯಹೊರಟಿರುವುದು ಆ ಅಂಗೈಗಳ ಬೆವರಿನ ವಿಷಯವನ್ನೇ. ಆದರೆ ಅದನ್ನು ನನಗೆ ಅರ್ಥ ಮಾಡಿಸಿದವನು ಶಿಕ್ಷಣತಜ್ಞನಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ಆತನೊಬ್ಬ ಕಾಲ್ಚೆಂಡಾಟಗಾರ.

ಕಾಲ್ಚೆಂಡಾಟದ ವಿಷಯದಲ್ಲಿ ನಾನು ಹೆಚ್ಚುಕಡಿಮೆ ಅನಕ್ಷರಸ್ಥನೆಂಬುದನ್ನು ನನ್ನ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಶಾಲೆಯ ಮೈದಾನದಲ್ಲಿ ನೀವು ಆಡುತ್ತಿದ್ದಾಗ ನಾನು ನೆರಳಿನಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದವನು. ಕೆಲವು ವರ್ಷಗಳ ಹಿಂದೆ ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಮನೆಗೆ ಬಂದಿದ್ದ. ಮಾತಿನ ನಡುವೆ ಅಲ್ಲಿನ ‘ಡೇರ್ ಸ್ಪೀಗಲ್’ ಪತ್ರಿಕೆಯಲ್ಲಿ 2018ರ ಮಾರ್ಚ್‌ನಲ್ಲಿ ಪ್ರಕಟವಾಗಿದ್ದ ಸಂದರ್ಶನವೊಂದರ ಸಾರವನ್ನು ಕನ್ನಡದಲ್ಲಿ ವಿವರಿಸಿ, “ಮೇಷ್ಟ್ರೇ, ಇದು ಆಟದ ವಿಷಯ ಅಂತ ಬಿಡಬೇಡಿ, ನಮ್ಮ ಎಸ್.ಎಸ್.ಎಲ್.ಸಿ.ಯ ಕಥೆಯೇ ಇದು” ಎಂದ. ಅವನು ಹೋದ ಮೇಲೆ ಆ ಆಟಗಾರನ ಬಗ್ಗೆ ನಾನೇ ಹುಡುಕಿ ಓದಿದೆ. ಓದಿದಷ್ಟೂ ನನ್ನ ಅಧ್ಯಾಪನ ವೃತ್ತಿಯ ಒಂದು ಹಳೆಯ ತಪ್ಪು ಕಣ್ಣಮುಂದೆ ಬಂದು ನಿಂತಿತು.

ಆ ಆಟಗಾರನ ಹೆಸರು ಪೆರ್ ಮೆರ್ಟೆಸಾಕರ್. 1984ರಲ್ಲಿ ಜರ್ಮನಿಯ ಹ್ಯಾನೋವರ್ ನಗರದಲ್ಲಿ ಹುಟ್ಟಿದವನು. ಎತ್ತರ ಆರೂವರೆ ಅಡಿ. ಆಡುತ್ತಿದ್ದುದು ರಕ್ಷಣಾ ವಿಭಾಗದಲ್ಲಿ. ಗೋಲು ಹೊಡೆದು ಹೆಸರು ಗಳಿಸುವ ಜಾಗವಲ್ಲ ಅದು. ಎದುರಾಳಿ ಗೋಲು ಹೊಡೆಯದಂತೆ ತಡೆಯುವ ಜಾಗ. ಅಲ್ಲಿ ತೊಂಬತ್ತು ನಿಮಿಷ ಸರಿಯಾಗಿ ಆಡಿದರೆ ಯಾರೂ ಗಮನಿಸುವುದಿಲ್ಲ, ಒಂದು ಕ್ಷಣ ತಪ್ಪಿದರೆ ಊರೆಲ್ಲ ನೆನಪಿಟ್ಟುಕೊಳ್ಳುತ್ತದೆ. ಹ್ಯಾನೋವರ್, ಬ್ರೆಮೆನ್ ನಗರಗಳ ತಂಡಗಳಲ್ಲಿ ಆಡಿ, 2011ರಲ್ಲಿ ಲಂಡನ್ನಿನ ಆರ್ಸೆನಲ್ ತಂಡ ಸೇರಿದ. ತನ್ನ ದೇಶದ ಪರವಾಗಿ 104 ಪಂದ್ಯಗಳನ್ನಾಡಿದ. 2014ರಲ್ಲಿ ವಿಶ್ವಕಪ್ ಗೆದ್ದ ಜರ್ಮನ್ ತಂಡದಲ್ಲಿದ್ದ. ಆರ್ಸೆನಲ್ ತಂಡದ ನಾಯಕನೂ ಆದ. ನೋಡುವವರ ಕಣ್ಣಿಗೆ ಈತ ಬಂಡೆಯಂತೆ ನಿಂತವನು, ಯಾವುದಕ್ಕೂ ಅಲುಗಾಡದವನು. ಈತನ ಆತ್ಮಕಥೆಯ ಜರ್ಮನ್ ಶೀರ್ಷಿಕೆಯ ಅರ್ಥ ಮಾತ್ರ ‘ಪ್ರತಿಭೆಯಿಲ್ಲದ ವಿಶ್ವಚಾಂಪಿಯನ್’ ಎಂದು.

ಈ ಬಂಡೆ ಆ ಸಂದರ್ಶನದಲ್ಲಿ ಹೇಳಿದ್ದೇನು? ಪಂದ್ಯದ ದಿನ ಬೆಳಗಾಗುತ್ತಲೇ ತನಗೆ ಹೊಟ್ಟೆ ಕೆಡುತ್ತಿತ್ತು. ಮತ್ತೆ ಮತ್ತೆ ಶೌಚಾಲಯಕ್ಕೆ ಓಡಬೇಕಾಗುತ್ತಿತ್ತು. ಎಣ್ಣೆ ಸವರಿದ ಒಂದಿಷ್ಟು ಪಾಸ್ತಾ ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ. ಅದನ್ನೂ ಪಂದ್ಯಕ್ಕೆ ನಾಲ್ಕು ಗಂಟೆ ಮೊದಲೇ ತಿಂದು ಮುಗಿಸುತ್ತಿದ್ದ. ತಂಡ ಮೈದಾನದಲ್ಲಿ ಸಾಲಾಗಿ ನಿಂತು, ಇನ್ನೇನು ಆಟ ಆರಂಭವಾಗಬೇಕು ಎನ್ನುವ ಕ್ಷಣದಲ್ಲಿ ಹೊಟ್ಟೆ ತೊಳಸಿ ವಾಂತಿ ಬರುವಂತಾಗುತ್ತಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ಟೆಲಿವಿಷನ್ ಕ್ಯಾಮೆರಾಗೆ ಕಾಣಬಾರದೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದ. ಇದು ಒಂದೆರಡು ಪಂದ್ಯಗಳ ಮಾತಲ್ಲ. ಐನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿದ ಹದಿನೈದು ವರ್ಷಗಳ ವೃತ್ತಿಜೀವನದುದ್ದಕ್ಕೂ ಹೀಗೆಯೇ ನಡೆಯಿತು.

ಇನ್ನೊಂದು ಮಾತನ್ನು ಕೇಳಿ. 2006ರ ವಿಶ್ವಕಪ್ ಜರ್ಮನಿಯಲ್ಲೇ ನಡೆಯಿತು. ಆಗ ಮೆರ್ಟೆಸಾಕರ್‌ಗೆ ಇಪ್ಪತ್ತೊಂದು ವರ್ಷ. ದೇಶಕ್ಕೆ ದೇಶವೇ ಬೀದಿಗಿಳಿದಿತ್ತು. ಜುಲೈ 4ರಂದು ಡಾರ್ಟ್‌ಮುಂಡ್ ನಗರದಲ್ಲಿ ಇಟಲಿಯ ವಿರುದ್ಧ ಸೆಮಿಫೈನಲ್. ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಇಟಲಿ ಎರಡು ಗೋಲು ಹೊಡೆದು ಗೆದ್ದಿತು. ಜರ್ಮನ್ನರು ಅತ್ತರು. ಮೆರ್ಟೆಸಾಕರ್‌ಗೂ ದುಃಖವಾಯಿತು, ನಿಜ. ಆದರೆ ಆ ದುಃಖಕ್ಕಿಂತ ಮಿಗಿಲಾಗಿ ಮನಸ್ಸಿಗೆ ಬಂದದ್ದು ‘ಸದ್ಯ, ಮುಗಿಯಿತಲ್ಲ’ ಎಂಬ ನಿರಾಳ. ಅದನ್ನು ಅಂದು ಯಾರ ಮುಂದೆ ಹೇಳಲು ಸಾಧ್ಯವಿತ್ತು? ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ ಅದು. ಹೇಳಲು ಹನ್ನೆರಡು ವರ್ಷಗಳು ಬೇಕಾದವು. ಗಾಯಗಳ ವಿಷಯದಲ್ಲೂ ಆತನ ಮಾತು ಅಷ್ಟೇ ಮುಚ್ಚುಮರೆಯಿಲ್ಲದ್ದು. ಯಾರೂ ಬೆರಳು ತೋರಿಸದಂತೆ ಆಟದಿಂದ ಬಿಡುವು ಪಡೆಯಲು ಇದ್ದ ಏಕೈಕ ಮಾರ್ಗವೆಂದರೆ ಗಾಯಗೊಳ್ಳುವುದು ಎಂದು ಆತ ಹೇಳಿಕೊಂಡಿದ್ದಾನೆ.

ಈ ಮಾತನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ.

ನನ್ನ ಸೇವಾವಧಿಯ ನಡುಭಾಗದಲ್ಲಿ ಎಸ್.ಎಸ್.ಎಲ್.ಸಿ. ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರನ್ನು ಬರೆಯುವುದಿಲ್ಲ. ಓದಿನಲ್ಲಿ ಚುರುಕು, ಬರವಣಿಗೆ ಮುತ್ತು ಪೋಣಿಸಿದಂತೆ. ಆದರೆ ಪ್ರತಿಯೊಂದು ಪರೀಕ್ಷೆಯ ಬೆಳಿಗ್ಗೆಯೂ ಶಾಲೆಯ ಹಿಂಬದಿಯ ಬೇಲಿಯ ಬಳಿ ವಾಂತಿ ಮಾಡಿಕೊಳ್ಳುತ್ತಿದ್ದ. ಮೊದಮೊದಲು ಪಿತ್ತವಿರಬೇಕೆಂದು ನಿಂಬೆಹಣ್ಣಿನ ಪಾನಕ ಮಾಡಿಸಿ ಕೊಟ್ಟೆ. ಆಮೇಲೆ ಇದು ನೆಪವೆಂದು ಭಾವಿಸಿದೆ. ಪೂರ್ವಸಿದ್ಧತಾ ಪರೀಕ್ಷೆಯ ದಿನ ಅವನು ಕೊಠಡಿಯ ಬಾಗಿಲಲ್ಲಿ ನಡುಗುತ್ತಾ ನಿಂತಿದ್ದಾಗ ಇಡೀ ತರಗತಿಗೆ ಕೇಳುವಂತೆ, “ಬಾರಯ್ಯಾ ಉತ್ತರಕುಮಾರ, ಕೌರವ ಸೇನೆ ಕಾದಿದೆ” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ವಿರಾಟಪರ್ವದ ಪ್ರಸಂಗವನ್ನು ಆ ವರ್ಷವೇ ರಸವತ್ತಾಗಿ ಹೇಳಿದ್ದೆನಾದ್ದರಿಂದ ಎಲ್ಲರಿಗೂ ಅರ್ಥವಾಯಿತು. ಅಂದಿನಿಂದ ಆ ಹುಡುಗನಿಗೆ ಅದೇ ಹೆಸರಾಯಿತು.

ವಾರ್ಷಿಕ ಪರೀಕ್ಷೆಗೆ ನಾಲ್ಕು ದಿನಗಳಿರುವಾಗ ಅವನು ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡ. ಸುದ್ದಿ ತಿಳಿದು ಮನೆಗೆ ಹೋದೆ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ತಂದೆ ತಲೆಯ ಮೇಲೆ ಕೈಹೊತ್ತು ಜಗಲಿಯಲ್ಲಿ ಕುಳಿತಿದ್ದರು. ಹುಡುಗ ಮಾತ್ರ ಚಾಪೆಯ ಮೇಲೆ ಶಾಂತವಾಗಿ ಮಲಗಿದ್ದ. ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಎಂದೂ ಕಂಡಿರಲಿಲ್ಲ. ‘ನೋವು ತಿಳಿಯದಿರಲು ಡಾಕ್ಟರು ಏನೋ ಔಷಧ ಕೊಟ್ಟಿರಬೇಕು’ ಎಂದುಕೊಂಡು ಹಿಂದಿರುಗಿದೆ. ಆ ನೆಮ್ಮದಿ ಯಾವುದೆಂದು ನನಗೆ ಅರ್ಥವಾದದ್ದು ಮೆರ್ಟೆಸಾಕರ್‌ನ ಮಾತು ಓದಿದ ಮೇಲೆಯೇ. ಮುರಿದ ಕೈ ಆ ಬಾಲಕನ ರಜಾಚೀಟಿಯಾಗಿತ್ತು.

ಇನ್ನು ಚರ್ಚೆಗೆ ಬರುತ್ತೇನೆ. ಸಂದರ್ಶನ ಪ್ರಕಟವಾದಾಗ ಮೆರ್ಟೆಸಾಕರ್ ಆಟದಿಂದ ನಿವೃತ್ತನಾಗುವ ಹೊತ್ತಿನಲ್ಲಿದ್ದ. ಆರ್ಸೆನಲ್ ಸಂಸ್ಥೆಯ ಎಳೆಯ ಆಟಗಾರರ ತರಬೇತಿ ಶಾಲೆಯ ಹೊಣೆ ಆತನದೆಂದು ಅದಾಗಲೇ ಗೊತ್ತಾಗಿತ್ತು. ಆಗ ಜರ್ಮನಿಯ ಮಹಾನ್ ಆಟಗಾರ, 1990ರ ವಿಶ್ವಕಪ್ ಗೆದ್ದ ತಂಡದ ನಾಯಕ ಲೋಥಾರ್ ಮಥಾಯುಸ್ ಬಹಿರಂಗವಾಗಿ ಆಕ್ಷೇಪಿಸಿದ. ಒತ್ತಡ ಅತಿಯಾಯಿತು ಎನ್ನುವವನು ಎಳೆಯರಿಗೆ ವೃತ್ತಿನಿಷ್ಠೆಯನ್ನು ಹೇಗೆ ಕಲಿಸಿಯಾನು, ಇಷ್ಟು ಹೇಳಿಕೊಂಡ ಮೇಲೆ ಈತ ಆ ಕೆಲಸದಲ್ಲಿ ಹೇಗೆ ಮುಂದುವರಿದಾನು ಎಂಬುದು ಆಕ್ಷೇಪದ ತಿರುಳು.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ನಮ್ಮ ಕಾಲದ ಬಹುಪಾಲು ಅಧ್ಯಾಪಕರ ನಂಬಿಕೆಯೂ ಇದೇ ಆಗಿತ್ತು. ಗುರುವಾದವನು ಧೀರನಾಗಿ ಕಾಣಬೇಕು. ಗುರು ಅಲುಗಿದರೆ ಶಿಷ್ಯ ಬೀಳುತ್ತಾನೆ. ಮಕ್ಕಳ ಮುಂದೆ ಅಳುಕನ್ನು ತೋರಬಾರದು. ನಾನೂ ಹಾಗೆಯೇ ನಡೆದೆ. ವಿದ್ಯಾಧಿಕಾರಿಗಳ ತಪಾಸಣೆಯ ದಿನ ನನ್ನ ಹೊಟ್ಟೆಯಲ್ಲಿ ಏನಾಗುತ್ತಿತ್ತೆಂಬುದು ನನ್ನ ಮನೆಯವಳಿಗಲ್ಲದೆ ಇನ್ನೊಬ್ಬರಿಗೆ ತಿಳಿಯದು. ಹಿಂದಿನ ರಾತ್ರಿ ಪಾಠಟಿಪ್ಪಣಿಯನ್ನು ಮೂರು ಸಲ ನೋಡಿಕೊಂಡರೂ ಬೆಳಿಗ್ಗೆ ಉಪ್ಪಿಟ್ಟು ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ತರಗತಿಗೆ ಹೋದಾಗ ಮಾತ್ರ ಸಿಂಹದಂತೆ ನಿಲ್ಲುತ್ತಿದ್ದೆ. ಅಂಥವನು ಬೇಲಿಯ ಬಳಿ ವಾಂತಿ ಮಾಡುತ್ತಿದ್ದ ಹುಡುಗನನ್ನು ಕಂಡು ನಕ್ಕೆ. ನನ್ನ ಭಯವನ್ನು ಮುಚ್ಚಿಟ್ಟುಕೊಂಡದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ ಯಾರು ಧೀರರಾದರು? ಒಬ್ಬರೂ ಇಲ್ಲ. ‘ಈ ತರಗತಿಯಲ್ಲಿ ಹೆದರುವವನು ನಾನೊಬ್ಬನೇ’ ಎಂದು ಒಬ್ಬ ಹುಡುಗ ನಂಬಿಕೊಂಡ, ಅಷ್ಟೇ. ಭಯಕ್ಕಿಂತ ದೊಡ್ಡ ಶಿಕ್ಷೆ ಆ ನಂಬಿಕೆ.

ಮಥಾಯುಸ್‌ನ ಜೀವನದಲ್ಲೇ ಒಂದು ಸ್ವಾರಸ್ಯದ ಪ್ರಸಂಗವಿದೆ. 1990ರ ಜುಲೈ 8ರಂದು ರೋಮ್ ನಗರದಲ್ಲಿ ಅರ್ಜೆಂಟೀನಾ ವಿರುದ್ಧ ವಿಶ್ವಕಪ್ ಫೈನಲ್. 85ನೆಯ ನಿಮಿಷದಲ್ಲಿ ಪಶ್ಚಿಮ ಜರ್ಮನಿಗೆ ಪೆನಾಲ್ಟಿ ದೊರೆಯಿತು. ಅಲ್ಲಿಯವರೆಗೆ ಗೋಲೇ ಆಗಿರಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಪೆನಾಲ್ಟಿ ಹೊಡೆದು ತಂಡವನ್ನು ಗೆಲ್ಲಿಸಿದ್ದವನು ನಾಯಕ ಮಥಾಯುಸ್. ಆದರೆ ಫೈನಲ್‌ನಲ್ಲಿ ಆತ ಹೊಡೆಯಲಿಲ್ಲ. ಬೂಟಿನ ಅಟ್ಟೆ ಕಿತ್ತು ವಿರಾಮದಲ್ಲಿ ಬೇರೆ ಬೂಟು ಹಾಕಿಕೊಂಡಿದ್ದರಿಂದ ಕಾಲಿನ ಮೇಲೆ ಪೂರ್ಣ ಭರವಸೆ ಇರಲಿಲ್ಲವೆಂದು ಆ ಹೊಣೆಯನ್ನು ಜೊತೆಗಾರ ಆಂಡ್ರಿಯಾಸ್ ಬ್ರೆಹ್ಮೆಗೆ ಬಿಟ್ಟುಕೊಟ್ಟ. ಬ್ರೆಹ್ಮೆ ಗೋಲು ಹೊಡೆದ, ಜರ್ಮನಿ ವಿಶ್ವಕಪ್ ಗೆದ್ದಿತು. ಮಥಾಯುಸ್‌ನನ್ನು ಹಂಗಿಸಲು ನಾನಿದನ್ನು ಬರೆಯುತ್ತಿಲ್ಲ. ‘ಈ ಕ್ಷಣದಲ್ಲಿ ನನಗೆ ನನ್ನ ಮೇಲೆ ಭರವಸೆ ಸಾಲದು’ ಎಂದು ಅರಿತು, ಅದನ್ನು ಒಪ್ಪಿಕೊಂಡು ನಡೆದುಕೊಂಡದ್ದೇ ಅಂದಿನ ವಿವೇಕ. ಅಳುಕನ್ನು ಒಪ್ಪಿಕೊಂಡವನೇ ನಾಯಕನಾಗಿ ಕಪ್ ಎತ್ತಿದ್ದಾನೆ. ಹೀಗಿರುವಾಗ ಅಳುಕನ್ನು ಬಾಯಿಬಿಟ್ಟು ಹೇಳಿದವನು ಗುರುವಾಗಲಾರನೆಂಬುದು ಎಲ್ಲಿಯ ನ್ಯಾಯ?

‘ಕೋಟಿಗಟ್ಟಲೆ ಸಂಪಾದಿಸುವವನಿಗೆ ಎಂಥ ಭಯ, ಮಳೆಗಾಗಿ ಆಕಾಶ ನೋಡುವ ರೈತನಿಗೆ ಇಲ್ಲದ ಒತ್ತಡವೇ’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನನ್ನ ತಮ್ಮನೂ ಇದನ್ನೇ ಕೇಳಿದ. ಪ್ರಶ್ನೆ ಸಹಜವಾದದ್ದೇ. ಬದುಕಿನ ಕಷ್ಟಗಳನ್ನು ತಕ್ಕಡಿಯಲ್ಲಿಟ್ಟರೆ ರೈತನ ತಟ್ಟೆಯೇ ಕೆಳಗಿಳಿಯುತ್ತದೆ. ಆದರೆ ಭಯವು ಸಂಬಳದ ಪಟ್ಟಿ ನೋಡಿಕೊಂಡು ಬರುವುದಿಲ್ಲ. ಹೊಟ್ಟೆ ತೊಳಸುವಾಗ ಬ್ಯಾಂಕಿನ ಪಾಸ್‌ಬುಕ್ ಔಷಧವಾಗುವುದಿಲ್ಲ. ಅದೂ ಅಲ್ಲದೆ, ಕೋಟಿ ಸಂಪಾದಿಸಿ, ವಿಶ್ವಕಪ್ ಗೆದ್ದು, ಆರೂವರೆ ಅಡಿ ಎತ್ತರ ನಿಂತವನೇ ಇಷ್ಟು ನಡುಗಿದ್ದರೆ, ಹದಿನೈದು ವರ್ಷದ ಮಗು ನಡುಗುವುದರಲ್ಲಿ ಏನು ಆಶ್ಚರ್ಯ ಎಂದು ಕೇಳಬೇಕಾದುದಲ್ಲವೆ?

ಹೇಳದೆ ಉಳಿದ ಮಾತು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಮೆರ್ಟೆಸಾಕರ್‌ನ ಕಣ್ಣೆದುರೇ ಒಂದು ದಾರುಣ ಉದಾಹರಣೆ ಇತ್ತು. ರಾಬರ್ಟ್ ಎನ್ಕೆ ಎಂಬ ಗೋಲ್‌ಕೀಪರ್ 2004ರಿಂದ 2006ರವರೆಗೆ ಹ್ಯಾನೋವರ್ ತಂಡದಲ್ಲಿ ಆತನ ಜೊತೆಗಾರನಾಗಿದ್ದ. ಮುಂದೆ ರಾಷ್ಟ್ರೀಯ ತಂಡದಲ್ಲೂ ಇಬ್ಬರೂ ಜೊತೆಗಿದ್ದರು. ಎನ್ಕೆ ಖಿನ್ನತೆಯ ರೋಗದಿಂದ ನರಳುತ್ತಿದ್ದ. ಹುಟ್ಟಿನಿಂದಲೇ ಹೃದಯದ ತೊಂದರೆಯಿದ್ದ ಎರಡು ವರ್ಷದ ಮಗಳನ್ನು 2006ರಲ್ಲಿ ಕಳೆದುಕೊಂಡಿದ್ದ. ಬಳಿಕ ದಂಪತಿಗಳು ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡರು. ರೋಗದ ಸುದ್ದಿ ಹೊರಬಿದ್ದರೆ ಆಟವೂ ಹೋಗಬಹುದು, ಈ ಮಗುವೂ ಕೈತಪ್ಪಬಹುದೆಂಬ ಹೆದರಿಕೆಯಿಂದ ಆತ ಅದನ್ನು ಗುಟ್ಟಾಗಿಟ್ಟ. 2009ರ ನವೆಂಬರ್ 10ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ತನ್ನ ಜೀವವನ್ನು ತಾನೇ ಕೊನೆಗಾಣಿಸಿಕೊಂಡ. ಮರುದಿನ ಪತ್ನಿ ತೆರೇಸಾ ಪತ್ರಕರ್ತರ ಮುಂದೆ ಕುಳಿತು, ತಾವಿಬ್ಬರೂ ಮುಚ್ಚಿಟ್ಟಿದ್ದ ರೋಗದ ವಿಷಯವನ್ನು ತೆರೆದು ಹೇಳಿದರು. ಹ್ಯಾನೋವರ್‌ನ ಕ್ರೀಡಾಂಗಣದಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ಹತ್ತಾರು ಸಾವಿರ ಜನ ಬಂದರು. 2010ರಲ್ಲಿ ಎನ್ಕೆಯ ಹೆಸರಿನಲ್ಲಿ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು.

ಎನ್ಕೆಗಿದ್ದದ್ದು ಚಿಕಿತ್ಸೆ ಬೇಕಾದ ರೋಗ. ಮೆರ್ಟೆಸಾಕರ್‌ಗಿದ್ದದ್ದು ಪಂದ್ಯದ ಭಯ. ಎರಡನ್ನೂ ಒಂದೇ ಎಂದು ಕಲಸಿಬಿಡುವುದು ತಪ್ಪು. ಆದರೆ ಎರಡಕ್ಕೂ ಸಮಾನವಾದುದು ಒಂದಿದೆ. ಅದು ‘ಹೇಳಿದರೆ ಏನಾಗುವುದೋ’ ಎಂಬ ಅಂಜಿಕೆ. ಮೆರ್ಟೆಸಾಕರ್ ಎಳವೆಯಲ್ಲಿ ಕಡ್ಡಾಯ ಸೈನಿಕ ಸೇವೆಗೆ ಬದಲಾಗಿ ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿ ಸೇವೆ ಸಲ್ಲಿಸಿದವನು. ಮನಸ್ಸಿನ ನೋವು ಹೇಗಿರುತ್ತದೆಂದು ಹತ್ತಿರದಿಂದ ಕಂಡವನಿಗೂ ತನ್ನದನ್ನು ಹೇಳಿಕೊಳ್ಳಲು ವೃತ್ತಿಜೀವನ ಮುಗಿಯುವ ಹೊತ್ತಾಗಬೇಕಾಯಿತೆಂದರೆ, ಆ ಅಂಜಿಕೆ ಎಷ್ಟು ಬಲವಾದದ್ದೆಂದು ಊಹಿಸಿಕೊಳ್ಳಿ. ನಮ್ಮ ನಾಡಿನವನೇ ಆದ, ಭಾರತದ ಪರವಾಗಿ ಕ್ರಿಕೆಟ್ ಆಡಿದ ರಾಬಿನ್ ಉತ್ತಪ್ಪ ತಾನು ಖಿನ್ನತೆಯೊಡನೆ ಹೋರಾಡಿದುದನ್ನು 2020ರಲ್ಲಿ ಬಹಿರಂಗವಾಗಿ ಹೇಳಿಕೊಂಡ. ಹೇಳಿಕೊಂಡುದರಿಂದ ಆತ ಚಿಕ್ಕವನಾಗಲಿಲ್ಲ.

ಇದು ಬರಿಯ ಆಟಗಾರರ ಮಾತಾಗಿದ್ದರೆ ನಾನಿಷ್ಟು ಬರೆಯುತ್ತಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,000ಕ್ಕೂ ಹೆಚ್ಚು. ಎಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ, ಬಲ್ಲೆ. ಒಂದೊಂದು ಸಾವಿನ ಹಿಂದೆಯೂ ಹಲವು ಕಾರಣಗಳು ಹೆಣೆದುಕೊಂಡಿರುತ್ತವೆ. ಆದರೂ ಆ ಸಂಖ್ಯೆಯನ್ನು ಓದುವಾಗ ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಪುಸ್ತಕ ಹಿಡಿದ ನನ್ನ ಕೈ ನಡುಗುತ್ತದೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸುವ ಪದ್ಧತಿ ಆರಂಭವಾದಾಗ ನಾನು ಸಂತೋಷಪಟ್ಟೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿದೆ ಎಂದು ಮಗುವಿಗೆ ತಿಳಿಯುವುದು ಒಳ್ಳೆಯದು. ಆದರೆ ಪರೀಕ್ಷೆಯನ್ನು ಎಷ್ಟು ಸಲ ನಡೆಸಿದರೂ, ‘ನನಗೆ ಹೆದರಿಕೆಯಾಗುತ್ತಿದೆ’ ಎಂದು ಹೇಳಲು ಮಗುವಿಗೆ ಒಬ್ಬ ದೊಡ್ಡವರಾದರೂ ಬೇಕು. ಆ ದೊಡ್ಡವರು ಯಾರು? ಎಂದೂ ಹೆದರಿಲ್ಲವೆಂದು ನಟಿಸುವ ತಂದೆಯ ಬಳಿ ಮಗು ಹೋದೀತೆ? ಗೇಲಿ ಮಾಡುವ ಮೇಷ್ಟರ ಬಳಿ ಬಂದೀತೆ?

ನಾನು ಆ ದಿನ ಗೇಲಿಗೆ ಬಳಸಿದ ಕಥೆಯನ್ನೇ ಮತ್ತೆ ನೋಡೋಣ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆ. ಕೌರವ ಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ ಉತ್ತರನನ್ನು ಯಕ್ಷಗಾನದ ರಂಗದಲ್ಲಿ ಕಂಡು ನಾವೆಲ್ಲ ನಕ್ಕಿದ್ದೇವೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಓಡಿದವನನ್ನು ಬೃಹನ್ನಳೆಯ ವೇಷದ ಅರ್ಜುನ ಬೆನ್ನಟ್ಟಿ ಹಿಡಿದ, ಧೈರ್ಯ ಹೇಳಿದ, ಅವನ ಕೈಗೆ ಕುದುರೆಗಳ ಲಗಾಮು ಕೊಟ್ಟ. ಭೀಷ್ಮದ್ರೋಣರ ಎದುರಿಗೆ ರಥ ನಡೆಸಿದವನು ಅದೇ ಉತ್ತರಕುಮಾರ. ಆಮೇಲೆ ಕುರುಕ್ಷೇತ್ರದಲ್ಲಿ ಎರಡು ಸೇನೆಗಳ ನಡುವೆ ಮೈನಡುಗಿ, ಬಾಯೊಣಗಿ, ಕೈಯಿಂದ ಗಾಂಡೀವ ಜಾರಿ ಕುಸಿದು ಕುಳಿತವನು ಯಾರು? ಉತ್ತರನಿಗೆ ಧೈರ್ಯ ಹೇಳಿದ ಆ ಅರ್ಜುನನೇ. ಅವನು ತನ್ನ ಸ್ಥಿತಿಯನ್ನು ಮುಚ್ಚಿಡದೆ ಸಾರಥಿಯ ಮುಂದೆ ಹೇಳಿಕೊಂಡ. ಕೃಷ್ಣ ಮೊದಲು ಗದರಿಸಿದನೆಂಬುದು ನಿಜ. ಆದರೆ ಗದರಿಸಿ ಬಿಟ್ಟುಹೋಗಲಿಲ್ಲ. ಹದಿನೆಂಟು ಅಧ್ಯಾಯಗಳಷ್ಟು ಹೊತ್ತು ಜೊತೆಗೆ ನಿಂತು ಮಾತನಾಡಿದ. ಕನ್ನಡ ಮೇಷ್ಟರಾದ ನಾನು ಈ ಕಥೆಯ ಮೊದಲರ್ಧವನ್ನು ಹುಡುಗನ ಮೇಲೆ ಎಸೆದೆ. ಲಗಾಮು ಕೊಡುವ ಉತ್ತರಾರ್ಧವನ್ನು ಮರೆತೆ.

ಮೆರ್ಟೆಸಾಕರ್ ಮರೆಯಲಿಲ್ಲವೆಂಬುದೇ ಆತನ ಹೆಚ್ಚುಗಾರಿಕೆ. 2018ರಲ್ಲಿ ಆತ ತರಬೇತಿ ಶಾಲೆಯ ಹೊಣೆ ವಹಿಸಿಕೊಂಡ. ಅಲ್ಲಿಗೆ ಬರುವ ಮಕ್ಕಳಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ ದೊಡ್ಡ ಆಟಗಾರರಾಗುತ್ತಾರೆ, ಉಳಿದವರು ಬೇರೆ ಬದುಕನ್ನು ಕಟ್ಟಿಕೊಳ್ಳಬೇಕು. ಆದ್ದರಿಂದ ಓದನ್ನು ಬಿಡಬೇಡಿ, ಆಟವನ್ನೇ ಸರ್ವಸ್ವವೆಂದುಕೊಳ್ಳಬೇಡಿ ಎಂಬುದು ಆತನ ನಿಲುವು. ವಿಶ್ವಕಪ್ ಗೆದ್ದವನು ಎಳೆಯರಿಗೆ ಈ ಮಾತನ್ನು ಹೇಳುವುದು ಸಣ್ಣ ಸಂಗತಿಯಲ್ಲ. ಗೆಲುವಿನ ಸುಖವನ್ನೂ ಅದಕ್ಕೆ ತೆತ್ತ ಬೆಲೆಯನ್ನೂ ಬಲ್ಲವನು ಮಾತ್ರ ಹೀಗೆ ಹೇಳಬಲ್ಲ.

ಹಾಗೆಂದು ಆತ ಆಟವನ್ನು ದ್ವೇಷಿಸಿದವನಲ್ಲ. ಅಷ್ಟೆಲ್ಲ ವಾಂತಿ, ಗಾಯ, ಶುಶ್ರೂಷೆಗಳ ಬಳಿಕವೂ, ಮತ್ತೊಮ್ಮೆ ಅವಕಾಶ ಸಿಕ್ಕರೆ ಇದೇ ಬದುಕನ್ನು ಬದುಕುತ್ತೇನೆ, ಆ ನೆನಪುಗಳಿಗೆ ಅಷ್ಟು ಬೆಲೆಯಿದೆ ಎಂದು ಆ ಸಂದರ್ಶನದಲ್ಲೇ ಹೇಳಿದ್ದಾನೆ. 2017ರ ಮೇ 27ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಎಫ್.ಎ. ಕಪ್ ಫೈನಲ್‌ನ ವಿಷಯವನ್ನು ಓದಿ ನನಗೆ ರೋಮಾಂಚನವಾಯಿತು. ಮಂಡಿಯ ಗಾಯದಿಂದ ಹೆಚ್ಚುಕಡಿಮೆ ವರ್ಷವಿಡೀ ಹೊರಗುಳಿದಿದ್ದ ಈತ, ಆ ಋತುವಿನಲ್ಲಿ ಆರಂಭದಿಂದಲೇ ಕಣಕ್ಕಿಳಿದ ಮೊದಲ ಪಂದ್ಯವೇ ಅದು. ಎದುರಿಗೆ ಆ ವರ್ಷದ ಲೀಗ್ ಚಾಂಪಿಯನ್ ಚೆಲ್ಸಿ. ಆರ್ಸೆನಲ್ 2-1ರಿಂದ ಗೆದ್ದಿತು. ಪಂದ್ಯವನ್ನು ಬಲ್ಲವರು ಈತನ ರಕ್ಷಣೆಯನ್ನು ಕೊಂಡಾಡಿದರು. ಹದಿನೈದು ವರ್ಷ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮೈದಾನಕ್ಕಿಳಿದವನು ಹೇಡಿ ಹೇಗಾಗುತ್ತಾನೆ? ಹೆದರದವನು ಆಡುವುದು ದೊಡ್ಡದಲ್ಲ. ಹೆದರಿಯೂ ಆಡುವುದು ದೊಡ್ಡದು. ಇನ್ನೂ ದೊಡ್ಡದು, ‘ನಾನು ಹೆದರಿದ್ದೆ’ ಎಂದು ಕಿರಿಯರಿಗೆ ಹೇಳುವುದು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ತಾಯಿತಂದೆಯರು, ಕೆಲವರು ಅಧ್ಯಾಪಕರು. ನಿಮ್ಮಲ್ಲಿ ನನ್ನದೊಂದು ವಿನಂತಿ. ಪರೀಕ್ಷೆಯ ಮುನ್ನಾದಿನ ಮಗುವಿಗೆ ‘ಹೆದರಬೇಡ’ ಎನ್ನಬೇಡಿ. ಆ ಮಾತಿನಿಂದ ಭಯ ಹೋಗುವುದಿಲ್ಲ. ಹೆದರಿದ್ದು ತಪ್ಪೆಂಬ ಭಾರ ಮಾತ್ರ ಹೆಚ್ಚುತ್ತದೆ. ಅದರ ಬದಲು ನೀವು ಹೆದರಿದ ಒಂದು ದಿನದ ಕಥೆಯನ್ನು ಹೇಳಿ. ಮೊದಲ ಸಂದರ್ಶನದಲ್ಲಿ ನಾಲಗೆ ಒಣಗಿದ್ದು, ವೇದಿಕೆಯ ಮೇಲೆ ಮಾತು ಮರೆತದ್ದು, ಫಲಿತಾಂಶದ ದಿನ ಮನೆಗೆ ಬರಲು ಕಾಲೇಳದಿದ್ದದ್ದು, ಯಾವುದಾದರೂ ಸರಿ. ಮಗು ನಕ್ಕರೆ ನಗಲಿ. ಆ ನಗುವಿನ ನಡುವೆ ತನ್ನ ಮಾತನ್ನೂ ಹೇಳೀತು. ಭಯ ನಿದ್ದೆ ಊಟಗಳನ್ನು ಕಸಿಯುವಷ್ಟು ಬೆಳೆದಿದ್ದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಸರಕಾರಿ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ.

ಕೊನೆಯದಾಗಿ, ಆ ತಂಡದ ವಿದ್ಯಾರ್ಥಿಗಳಿಗೆ ಒಂದು ಮಾತು. ನಾನು ಯಾರ ಬಗ್ಗೆ ಬರೆದಿದ್ದೇನೆಂಬುದು ನಿಮಗೆ ಗೊತ್ತು. ಕೈ ಮುರಿದ ವರ್ಷ ಅವನು ಅಕ್ಟೋಬರ್ ಪರೀಕ್ಷೆಗೆ ಕುಳಿತು ಉತ್ತೀರ್ಣನಾದ. ಆದರೆ ಮುಂದೆ ಓದಲಿಲ್ಲವೆಂದು ಕೇಳಿದ್ದೇನೆ. ಅನಂತರದ ಸುದ್ದಿ ತಿಳಿಯದು. ನಿಮ್ಮಲ್ಲಿ ಕೆಲವರು ಅವನನ್ನು ಇಂದಿಗೂ ಭೇಟಿಯಾಗುತ್ತೀರೆಂದು, ಸಲುಗೆಯಿಂದ ಆ ಹಳೆಯ ಹೆಸರಿನಿಂದಲೇ ಕರೆಯುತ್ತೀರೆಂದು ಒಬ್ಬರು ಹೇಳಿದರು. ಆ ಹೆಸರನ್ನು ಇಟ್ಟವನು ನಾನು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರವೂ ನನಗಿದೆ ಎಂದುಕೊಳ್ಳುತ್ತೇನೆ. ದಯವಿಟ್ಟು ಇನ್ನು ಮುಂದೆ ಅವನನ್ನು ಅವನ ಸ್ವಂತ ಹೆಸರಿನಿಂದ ಕರೆಯಿರಿ. ತಪಾಸಣೆಯ ದಿನ ಮೇಷ್ಟರಿಗೂ ಉಪ್ಪಿಟ್ಟು ಇಳಿಯುತ್ತಿರಲಿಲ್ಲವಂತೆ ಎಂದು ತಿಳಿಸಿ. ಅವನು ಒಪ್ಪಿದರೆ, ನನ್ನ ಮನೆಯ ವಿಳಾಸ ಕೊಡಿ. ಮಾತನಾಡುವುದು ಬಹಳ ಇದೆ.